ನೋ-ಕೋಡ್ ಆ್ಯಪ್‌ಗೆ ಲೆಕ್ಕದ ಪುಸ್ತಕ ಒಪ್ಪಿಸುವ ಮೊದಲು

ಕೋಡ್ ಬರೆಯದೆ ಆ್ಯಪ್ ಮಾಡಿ ಅದರಲ್ಲೇ ವ್ಯಾಪಾರದ ಲೆಕ್ಕ ಇಡಬೇಕು ಅಂದುಕೊಂಡವರು ಇದ್ದರೆ ಸ್ವಲ್ಪ ಇದನ್ನು ಓದಿ. ನಾನು ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಬರೀ ನನ್ನ ಕೈ ಸುಟ್ಟಿದ್ದರೆ ಬರೆಯುತ್ತಲೂ ಇರಲಿಲ್ಲ.

ಮಂಡ್ಯದ ಹತ್ತಿರ ನಮ್ಮ ಚಿಕ್ಕಪ್ಪನದು ಒಂದು ಆಲೆಮನೆ. ಸುತ್ತಲಿನ ರೈತರು ಕಬ್ಬು ತಂದು ಹಾಕುತ್ತಾರೆ. ಯಾರ ಟ್ರ್ಯಾಕ್ಟರ್ ಎಷ್ಟು ಟನ್ ತೂಗಿತು, ಯಾರಿಗೆ ಎಷ್ಟು ಮುಂಗಡ ಹೋಗಿದೆ, ಬಾಕಿ ಎಷ್ಟು, ಎಲ್ಲ ಒಂದೇ ಉದ್ದನೆಯ ಪುಸ್ತಕದಲ್ಲಿ. ಪಾಕ ಅಂಟಿ ಅದರ ಹಾಳೆ ಬಿಡಿಸುವುದೇ ಒಂದು ಕೆಲಸ. ನಾನು ದೊಡ್ಡ ಬುದ್ಧಿವಂತನ ಹಾಗೆ, ಚಿಕ್ಕಪ್ಪ ಇದನ್ನು ಆ್ಯಪ್ ಮಾಡಿಕೊಡ್ತೀನಿ ಬಿಡು ಅಂದೆ.

ಮೂರೇ ರಾತ್ರಿಯಲ್ಲಿ ಆಯಿತು, ಸುಳ್ಳಲ್ಲ. ಗುಂಡಿ ಎಳೆದು ಇಟ್ಟರೆ ಗುಂಡಿ, ಪಟ್ಟಿ ಎಳೆದು ಇಟ್ಟರೆ ಪಟ್ಟಿ. ತೂಕದ ಚೀಟಿಯ ಫೋಟೋ ಅಲ್ಲೇ ಹೊಡೆದು ಸೇರಿಸಬಹುದಿತ್ತು. ಚಿಕ್ಕಪ್ಪ ಬೆಳಿಗ್ಗೆ, ಬಾಡಿಗೆ ಗಾಡಿ ಬೇರೆ, ಸ್ವಂತ ಗಾಡಿ ಬೇರೆ ತೋರಿಸಬೇಕು ಅಂದರೆ ಮಧ್ಯಾಹ್ನದ ಊಟದೊಳಗೆ ಅದೂ ಆಗುತ್ತಿತ್ತು. ಯಾವ ಸಾಫ್ಟ್‌ವೇರ್ ಕಂಪನಿ ಹಾಗೆ ಮಾಡಿಕೊಡುತ್ತದೆ ಹೇಳಿ? ಈ ಒಂದು ವಿಷಯದಲ್ಲಿ ನಾನು ಇವತ್ತಿಗೂ ಇವುಗಳ ಪರ.

ಸಣ್ಣ ತೊಂದರೆಗಳು ಮೊದಲ ವಾರದಲ್ಲೇ ಬಂದವು. ರೈತರಿಗೆ ಕೊಡುವ ಚೀಟಿಯನ್ನು ಪಿಡಿಎಫ್ ಮಾಡಿದರೆ ಒತ್ತಕ್ಷರಗಳೆಲ್ಲ ಚದುರಿ ಕಬ್ಬು ಹೋಗಿ ಕಬ್‌ಬು ಆಯಿತು. ಆಲೆಮನೆಯಲ್ಲಿ ಸಿಗ್ನಲ್ ಇಲ್ಲದಾಗ ಆ್ಯಪ್ ಸುಮ್ನೆ ತಿರುಗುತ್ತಾ ಕೂರುತ್ತಿತ್ತು. ಇದಕ್ಕೆಲ್ಲ ಹೇಗೋ ಹೊಂದಿಕೊಂಡೆವು.

ಆಮೇಲೆ ಸಾಲುಗಳು ಜಾಸ್ತಿಯಾದವು. ಪುಕ್ಕಟೆ ಪ್ಲಾನ್ ಮುಗಿದು ಡಾಲರ್‌ನಲ್ಲಿ ತಿಂಗಳ ಬಾಡಿಗೆ ಶುರು. ಅದರ ಮೇಲೆ ಆ್ಯಪ್ ಎಷ್ಟು ಕೆಲಸ ಮಾಡುತ್ತದೋ ಅಷ್ಟು ಬಿಲ್. ನನ್ನ ತಪ್ಪು ಏನೆಂದರೆ, ಮೊದಲ ಪರದೆಯಲ್ಲೇ ಎಲ್ಲ ರೈತರ ಬಾಕಿ ಕಾಣುವ ಹಾಗೆ ಇಟ್ಟಿದ್ದೆ. ಯಾರಾದರೂ ಒಮ್ಮೆ ಆ್ಯಪ್ ತೆಗೆದರೆ ಅದು ಮೊದಲ ದಿನದಿಂದ ಬಂದ ಎಲ್ಲ ಲೋಡುಗಳನ್ನೂ ಮತ್ತೆ ಕೂಡುತ್ತಿತ್ತು. ಹತ್ತು ಸಾಲು ಹಾಕಿ ಪರೀಕ್ಷೆ ಮಾಡಿದಾಗ ಇದು ಗೊತ್ತೇ ಆಗಲಿಲ್ಲ. ಬಾಕಿಯನ್ನು ಒಂದು ಕಡೆ ಬರೆದಿಟ್ಟು ಹೊಸ ಲೋಡು ಬಂದಾಗ ಮಾತ್ರ ಬದಲಿಸಿದ್ದರೆ ಬಿಲ್ ಇಷ್ಟು ಏರುತ್ತಿರಲಿಲ್ಲ.

ಮುಂದೆ ಒಂದು ತಿಂಗಳು ಕಾರ್ಡ್‌ನಿಂದ ದುಡ್ಡೇ ಹೋಗಲಿಲ್ಲ. ತಿಂಗಳು ತಿಂಗಳು ತಾನಾಗೇ ಕಡಿತವಾಗುವ ಕಾರ್ಡ್ ಪಾವತಿಗೆ 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ಬೇರೆ ನಿಯಮ ತಂದಿದೆ, ಮೊದಲೇ ಒಪ್ಪಿಗೆ ದಾಖಲಾಗಿರಬೇಕು. ನನ್ನದು ಆಗಿರಲಿಲ್ಲ. ಎಚ್ಚರಿಕೆಯ ಮೇಲ್‌ಗಳು ಜಾಹೀರಾತುಗಳ ನಡುವೆ ಬಿದ್ದಿದ್ದವು. ಒಂದು ಬೆಳಿಗ್ಗೆ ಆರು ಗಂಟೆಗೆ, ಗಾಣದ ಮುಂದೆ ಕಬ್ಬಿನ ಟ್ರ್ಯಾಕ್ಟರ್ ನಿಂತಿರುವಾಗ ಆ್ಯಪ್‌ಗೆ ಬೀಗ.

ಚಿಕ್ಕಪ್ಪ ಬೈಯಲಿಲ್ಲ. "ನನ್ ಬುಕ್ಕು ಯಾವತ್ತಾದ್ರೂ ಪಾಸ್‌ವರ್ಡ್ ಕೇಳಿತ್ತೇನ್ಲಾ ಮಗ?" ಅಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ದುಡ್ಡು ಕಟ್ಟಿ ಬೀಗ ತೆಗೆಸಿ, ಇದರ ಸಹವಾಸವೇ ಬೇಡ ಅಂತ ಎಲ್ಲವನ್ನೂ ಸಿಎಸ್‌ವಿ ಅನ್ನುವ ಸಾದಾ ಪಟ್ಟಿಯ ಫೈಲಿಗೆ ಇಳಿಸಿದೆ. ನಿಜವಾದ ಪೆಟ್ಟು ಬಿದ್ದಿದ್ದು ಇಲ್ಲಿ. ಎಕ್ಸೆಲ್‌ನಲ್ಲಿ ತೆಗೆದರೆ ಕನ್ನಡದ ಹೆಸರೆಲ್ಲ ಕಾಗೆ ಗುಬ್ಬಿ ಅಕ್ಷರ. ಅದೇನೋ ಯುಟಿಎಫ್-8 ಅಂತ ಆರಿಸಿ ತೆಗೆದ ಮೇಲೆ ಸರಿಹೋಯಿತು. ಆದರೆ ಲೋಡುಗಳ ಪಟ್ಟಿಯಲ್ಲಿ ರೈತನ ಹೆಸರೇ ಇಲ್ಲ, ಆ ಜಾಗದಲ್ಲಿ ಉದ್ದನೆಯ ಗುರುತಿನ ಸಂಖ್ಯೆ. ಇನ್ನೊಂದು ಫೈಲಿನ ಜೊತೆ ತಾಳೆ ಹಾಕುವುದಕ್ಕೆ ಎರಡು ಭಾನುವಾರ ಹೋಯಿತು. ತೂಕದ ಚೀಟಿಯ ಫೋಟೋ ಇರಬೇಕಾದ ಕಡೆ ಬರೀ ಲಿಂಕ್. ಒತ್ತಿದರೆ ಫೋಟೋ ಕಾಣುತ್ತಿತ್ತು, ಹಾಗಾಗಿ ಎಲ್ಲ ಬಂದಿದೆ ಅಂದುಕೊಂಡು ಖಾತೆ ಮುಚ್ಚಿಬಿಟ್ಟೆ. ಖಾತೆ ಮುಚ್ಚಿದ ವಾರಕ್ಕೆ ಲಿಂಕ್‌ಗಳೆಲ್ಲ ಸತ್ತವು.

ಆ್ಯಪ್ ಅಂತೂ ಹೊರಗೆ ತರುವ ಹಾಗೇ ಇರಲಿಲ್ಲ. ಇದು ಆ್ಯಪ್ ಕಟ್ಟಿಕೊಡುವ ಒಂದು ಪ್ಲಾಟ್‌ಫಾರ್ಮ್‌ನಿಂದ ಇನ್ನೊಂದಕ್ಕೆ ಬೇರೆ. ಫ್ಲಟರ್‌ಫ್ಲೋದಲ್ಲಿ ದುಡ್ಡು ಕೊಡುವ ಪ್ಲಾನ್ ಇದ್ದರೆ ಕೋಡ್ ಇಳಿಸಿಕೊಳ್ಳಬಹುದು, ಬಬಲ್‌ನಲ್ಲಿ ಆಗುವುದಿಲ್ಲ. ದೊಡ್ಡ ಕಂಪನಿಯದ್ದು ಅಂದರೆ ಶಾಶ್ವತ ಅಂತಲೂ ಅಲ್ಲ. ಗೂಗಲ್ ಇಂಥದ್ದೇ ತನ್ನ ಆ್ಯಪ್ ಮೇಕರ್ ಅನ್ನೇ 2021ರ ಜನವರಿಯಲ್ಲಿ ಮುಚ್ಚಿತಲ್ವಾ? ಅದರಲ್ಲಿ ಕಟ್ಟಿದ್ದವರು ಬೇರೆ ಕಡೆ ಮೊದಲಿಂದ ಕಟ್ಟಬೇಕಾಯಿತು. ಹಾಗಾಗಿ ನೀವು ಶುರು ಮಾಡುವ ದಿನವೇ ಹತ್ತು ಸಾಲು, ಎರಡು ಫೋಟೋ ಹಾಕಿ, ಎಲ್ಲವನ್ನೂ ಹೊರಗೆ ಇಳಿಸಿ ನೋಡಿ. ಇಳಿದದ್ದು ಓದುವ ಹಾಗಿಲ್ಲದಿದ್ದರೆ ಅಲ್ಲೇ ಬಿಟ್ಟುಬಿಡಿ.

ಈಗ ಲೆಕ್ಕ ಗೂಗಲ್ ಶೀಟ್‌ನಲ್ಲಿದೆ, ಆ್ಯಪ್‌ಶೀಟ್ ಅನ್ನುವ ಇನ್ನೊಂದು ನೋ-ಕೋಡ್ ಸಾಧನ ಅದನ್ನು ನೋಡುವ ಕಿಟಕಿ ಮಾತ್ರ. ಕಿಟಕಿ ಮುಚ್ಚಿದರೂ ಲೆಕ್ಕ ನಮ್ಮ ಹತ್ತಿರವೇ ಇರುತ್ತದೆ. ಫೋಟೋಗಳು ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ. ಚಿಕ್ಕಪ್ಪ ಮಾತ್ರ ಹೊಸ ಪುಸ್ತಕ ತಂದು ಮತ್ತೆ ಬರೆಯುತ್ತಿದ್ದಾರೆ, ನಾನೂ ಬೇಡ ಅನ್ನಲಿಲ್ಲ. ಚೀಟಿಯ ಫೋಟೋ ಕಳೆದುಹೋದ ಲೋಡುಗಳಲ್ಲಿ ಮೂವರು ರೈತರ ತೂಕ ತಕರಾರಿನಲ್ಲಿತ್ತು. ಅವರು ಹೇಳಿದ ತೂಕಕ್ಕೇ ದುಡ್ಡು ಕೊಟ್ಟು ಮುಗಿಸಿದೆವು.