‘ಲಿಫ್ಟ್ ಇದೆ’ ಎಂಬ ಮಾತನ್ನು ನಂಬಿ ಮುಂಗಡ ಕೊಡುವ ಮುನ್ನ

ಬೆನ್ನುಹುರಿಗೆ ಪೆಟ್ಟಾಗಿ ಒಂಬತ್ತು ವರ್ಷಗಳಿಂದ ಗಾಲಿಕುರ್ಚಿಯಲ್ಲಿರುವ ನಾನು, ಕಳೆದ ವರ್ಷ ಹಾಸನದಲ್ಲಿರುವ ಅಪ್ಪ ಅಮ್ಮನ ಮನೆಯಿಂದ ಕೆಲಸದ ನಿಮಿತ್ತ ಬೆಂಗಳೂರಿಗೆ ಬಂದು ಮೊದಲ ಬಾರಿಗೆ ಒಬ್ಬಳೇ ಇರಲು ಬಾಡಿಗೆ ಮನೆ ಹಿಡಿದೆ. ನಾಲ್ಕೇ ತಿಂಗಳಲ್ಲಿ ಆ ಮನೆಯನ್ನು ಖಾಲಿ ಮಾಡಬೇಕಾಯಿತು. ನನ್ನಂತೆಯೇ ಮನೆ ಹುಡುಕುತ್ತಿರುವವರು ಅದೇ ತಪ್ಪು ಮಾಡದಿರಲಿ ಎಂದು ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬ್ರೋಕರ್‌ಗೆ ನಾನು ಹೇಳಿದ್ದು ‘ಗಾಲಿಕುರ್ಚಿ ಓಡಾಡುವಂಥ ಮನೆ’ ಎಂದು; ಅವರು ಕೇಳಿಸಿಕೊಂಡದ್ದು ‘ಲಿಫ್ಟ್ ಇರುವ ಮನೆ’ ಎಂದು. ಎರಡನೆಯ ಮಹಡಿಯ ಆ ಮನೆಗೆ ಲಿಫ್ಟ್ ಇತ್ತು, ನಿಜ. ಆದರೆ ಲಿಫ್ಟಿನ ಬಾಗಿಲಿಗೆ ತಲುಪಲು ಎರಡು ಮೆಟ್ಟಿಲು ಹತ್ತಬೇಕಿತ್ತು. ಬಾತ್‌ರೂಮಿನ ಬಾಗಿಲೂ ಕಿರಿದಾಗಿ ಕಂಡಿತು. ಮಾಲೀಕರನ್ನು ಕೇಳಿದಾಗ, ‘ಯೋಚನೆ ಮಾಡಬೇಡಮ್ಮ, ನಮ್ಮ ಮಗಳಿದ್ದ ಹಾಗೆ ನೀನು, ಎಲ್ಲಾ ಮಾಡಿಸಿ ಕೊಡ್ತೀನಿ’ ಎಂದರು. ನಾನು ಅಂದೇ 18,000 ರೂಪಾಯಿ ಬಾಡಿಗೆಯ ಹತ್ತು ಪಟ್ಟನ್ನು, ಅಂದರೆ 1,80,000 ರೂಪಾಯಿಯನ್ನು ಮುಂಗಡವಾಗಿ ಕೊಟ್ಟೆ.

ರ‍್ಯಾಂಪ್ ಅನ್ನು ಮಾಡಿಸಿದರು ಎಂಬುದನ್ನು ಒಪ್ಪಿಕೊಳ್ಳಬೇಕು. ಎರಡು ಮೆಟ್ಟಿಲುಗಳ ಒಟ್ಟು ಎತ್ತರ 14 ಇಂಚು. ಕಟ್ಟಡಗಳು ಅಂಗವಿಕಲರಿಗೂ ಅನುಕೂಲವಾಗಿರಲೆಂದು ಕೇಂದ್ರ ಸರ್ಕಾರ ಹೊರಡಿಸಿದ 2021ರ ಮಾರ್ಗಸೂಚಿಯಲ್ಲಿರುವ 1:12ರ ಲೆಕ್ಕದಂತೆ, ಅಂದರೆ ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದದಂತೆ, ಅದಕ್ಕೆ 14 ಅಡಿ ಉದ್ದದ ಇಳಿಜಾರು ಬೇಕು. ಅಷ್ಟು ದೂರಕ್ಕೆ ಎಳೆದರೆ ಸಂಪಿನ ಮುಚ್ಚಳ ಅಡ್ಡ ಬರುತ್ತದೆಂದು ಮೇಸ್ತ್ರಿ 4 ಅಡಿಯಲ್ಲೇ ಮುಗಿಸಿ, ಮೇಲೆ ಉಳಿದಿದ್ದ ನುಣುಪಾದ ಟೈಲ್ಸ್ ಹಾಕಿದ. ಮೊದಲ ಮಳೆಯ ದಿನ ಹತ್ತುವಾಗ ಕುರ್ಚಿಯ ಮುಂದಿನ ಪುಟ್ಟ ಗಾಲಿಗಳು ಮೇಲೆದ್ದು ನಾನು ಹಿಂದಕ್ಕೆ ಉರುಳಿದೆ. ತಲೆಗೆ ಬೆನ್ನಚೀಲ ಅಡ್ಡವಾಗಿ ಉಳಿಸಿತು. ಭುಜದ ನೋವು ಮಾತ್ರ ತಿಂಗಳುಗಟ್ಟಲೆ ಉಳಿಯಿತು. ಕೈಯೇ ಕಾಲಾಗಿರುವವರಿಗೆ ಭುಜದ ನೋವು ಎಂದರೆ ಏನೆಂದು ವಿವರಿಸಬೇಕಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಬಾತ್‌ರೂಮಿನ ಬಾಗಿಲಲ್ಲಿ. ಅದು ‘ಎರಡೂವರೆ ಅಡಿ ಬಾಗಿಲು’ ಎಂದು ಮಾಲೀಕರು ಹೇಳಿದ್ದು ಸುಳ್ಳಲ್ಲ. ಆದರೆ ಆ ಎರಡೂವರೆ ಅಡಿ ಗೋಡೆಯಿಂದ ಗೋಡೆಗೆ ಹಿಡಿದ ಅಳತೆ. ಅದರಲ್ಲಿ ಎರಡು ಬದಿಯ ಚೌಕಟ್ಟಿನ ಮರ ಒಟ್ಟು 5 ಇಂಚು ತಿನ್ನುತ್ತದೆ, ತೆರೆದ ಕದದ ದಪ್ಪ ಇನ್ನೊಂದು ಇಂಚಿಗೂ ಹೆಚ್ಚು. ಉಳಿದ ತೆರಪು 24 ಇಂಚಿಗೂ ಕಡಿಮೆ. ನನ್ನ ಕುರ್ಚಿಯ ಅಗಲ, ಕೈಯಿಂದ ತಳ್ಳುವ ಬಳೆಗಳೂ ಸೇರಿ, 25 ಇಂಚು. ಅದೇ ಮಾರ್ಗಸೂಚಿ ಬಾಗಿಲಿಗೆ ಹೇಳುವುದು 900 ಮಿಲಿಮೀಟರ್ ತೆರಪು, ಹೆಚ್ಚುಕಡಿಮೆ 3 ಅಡಿ. ಚೌಕಟ್ಟು ಕಿತ್ತರೆ ಗೋಡೆಯ ಟೈಲ್ಸ್ ಒಡೆಯುತ್ತದೆ ಎಂಬ ಕಾರಣಕ್ಕೆ ‘ಮುಂದಿನ ತಿಂಗಳು’ ಎಂಬ ಮಾತು ನಾಲ್ಕು ತಿಂಗಳೂ ಮುಂದುವರಿಯಿತು.

ಒಂದೂವರೆ ಇಂಚಿನ ಈ ಕೊರತೆಗಾಗಿ ಬೆಳಿಗ್ಗೆ ಮತ್ತು ಸಂಜೆ ಬಂದು ನನ್ನನ್ನು ಕುರ್ಚಿಯಿಂದ ಸ್ಟೂಲಿಗೆ, ಸ್ಟೂಲಿನಿಂದ ಕಮೋಡಿಗೆ ದಾಟಿಸಲು ಒಬ್ಬ ಹೆಂಗಸನ್ನು ನೇಮಿಸಿಕೊಳ್ಳಬೇಕಾಯಿತು. ಅವರು ಬರುವ ಹೊತ್ತನ್ನು ನೋಡಿಕೊಂಡು ನೀರು ಕುಡಿಯುವುದನ್ನು ಕಡಿಮೆ ಮಾಡಿದೆ. ಮೂರನೆಯ ತಿಂಗಳು ಮೂತ್ರದ ಸೋಂಕಿನಿಂದ ಜ್ವರ ಬಂದು ಆಸ್ಪತ್ರೆ ಸೇರಿದೆ. ಯಾರನ್ನೂ ಕಾಯದೆ ಬದುಕಬೇಕೆಂದು ಊರು ಬಿಟ್ಟು ಬಂದವಳು, ಹಾಸನದಲ್ಲಿ ಅಮ್ಮನನ್ನು ಕಾದದ್ದಕ್ಕಿಂತ ಹೆಚ್ಚು ಇಲ್ಲಿ ಕಾದೆ.

ಕಾನೂನಿನ ಬಲ ನನಗಿದೆಯೆಂದು ಭಾವಿಸಿದ್ದೂ ನನ್ನ ತಪ್ಪೇ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 5ನೇ ಕಲಮು, ಸಮುದಾಯದ ನಡುವೆ ಬದುಕುವ ಹಕ್ಕು ನಮಗಿದೆ ಎನ್ನುತ್ತದೆ. ಅಂಗವಿಕಲರಿಗೆ ಬೇಕಾದ ಇಂಥ ಸೌಲಭ್ಯಗಳ ನಿಯಮಗಳು ಕಡ್ಡಾಯವಾಗಿರಬೇಕೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆದರೆ ಈಗಾಗಲೇ ಇರುವ ಕಟ್ಟಡಗಳನ್ನು ಸರಿಪಡಿಸಬೇಕೆಂದು ಆ ಕಾಯ್ದೆಯ 45ನೇ ಕಲಮು ಹೇಳುವುದು ಸಾರ್ವಜನಿಕ ಕಟ್ಟಡಗಳ ವಿಷಯದಲ್ಲಿ. ಯಾರದೋ ಸ್ವಂತ ಮನೆಯ ಬಚ್ಚಲ ಬಾಗಿಲನ್ನು ಅದನ್ನು ತೋರಿಸಿ ಅಗಲ ಮಾಡಿಸಲು ನನ್ನಿಂದಾಗಲಿಲ್ಲ. ನನ್ನ ಕೈಯಲ್ಲಿದ್ದದ್ದು ಬಾಡಿಗೆ ಕರಾರು ಒಂದೇ, ಅದರಲ್ಲಿ ರ‍್ಯಾಂಪಿನ ಬಗ್ಗೆಯಾಗಲಿ ಬಾಗಿಲಿನ ಬಗ್ಗೆಯಾಗಲಿ ಒಂದಕ್ಷರವೂ ಇರಲಿಲ್ಲ.

ಇದ್ದದ್ದು ಬೇರೆ: ‘ಬಾಡಿಗೆದಾರರು ಮನೆಯಲ್ಲಿ ಯಾವುದೇ ಮಾರ್ಪಾಡು ಮಾಡತಕ್ಕದ್ದಲ್ಲ.’ ಕಮೋಡಿನ ಪಕ್ಕ ನಾನು ಹಾಕಿಸಿದ್ದ ಎರಡು ಸ್ಟೀಲ್ ಕಂಬಿಗಳ ತೂತುಗಳನ್ನು ತೋರಿಸಿ, ಟೈಲ್ಸ್ ಬದಲಿಸಲು 15,000 ರೂಪಾಯಿಯನ್ನೂ, ಎಲ್ಲರಿಗೂ ಹಿಡಿಯುವಂತೆ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನೂ ಮುಂಗಡದಲ್ಲಿ ಮುರಿದುಕೊಂಡು 1,47,000 ರೂಪಾಯಿ ವಾಪಸು ಕೊಟ್ಟರು. ಮಗಳಿದ್ದ ಹಾಗೆ ಎಂಬ ಮಾತು ಆ ದಿನ ಬರಲಿಲ್ಲ.

ಆದ್ದರಿಂದ ಮನೆ ನೋಡಲು ಹೋಗುವಾಗ ಟೇಪು ಒಯ್ಯಿರಿ. ಬಾಗಿಲನ್ನು ಪೂರ್ತಿ ತೆರೆದು, ಕದದ ಮುಖದಿಂದ ಎದುರಿನ ಚೌಕಟ್ಟಿನವರೆಗೆ ಅಳೆಯಿರಿ. ಮಾಲೀಕರು ಒಪ್ಪಿದ ಪ್ರತಿ ಕೆಲಸವನ್ನೂ, ಅದರ ಅಳತೆ ಮತ್ತು ಮುಗಿಯಬೇಕಾದ ದಿನಾಂಕದೊಂದಿಗೆ ಕರಾರಿನಲ್ಲಿ ಬರೆಸಿರಿ. ಕಂಬಿ ಹಾಕಿಸಲು ಅನುಮತಿಯಿದೆ, ಅದರ ತೂತಿಗೆ ಹಣ ಮುರಿಯುವಂತಿಲ್ಲ ಎಂದೂ ಸೇರಿಸಿರಿ. ಕರೆಂಟ್ ಹೋದಾಗ ಲಿಫ್ಟ್ ಜನರೇಟರ್‌ನಿಂದ ಓಡುತ್ತದೆಯೇ ಎಂದು ಬಾಯಲ್ಲಿ ಕೇಳಬೇಡಿ, ಮೇನ್ ಸ್ವಿಚ್ ಆರಿಸಿ ತೋರಿಸಲು ಹೇಳಿ. ಕೆಲಸ ಮುಗಿಯುವವರೆಗೆ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಕೊಡಬೇಡಿ.

ಈಗಿರುವ ನೆಲಮಹಡಿಯ ಮನೆಯನ್ನು ನೋಡಲು ಹೋದ ದಿನ ನಾನು ಹಾಲ್ ಅನ್ನೂ ನೋಡಲಿಲ್ಲ, ಅಡುಗೆಮನೆಯನ್ನೂ ನೋಡಲಿಲ್ಲ. ನೇರವಾಗಿ ಬಾತ್‌ರೂಮಿಗೆ ಕುರ್ಚಿ ಓಡಿಸಿಕೊಂಡು ಹೋಗಿ, ಒಳಗೆ ತಿರುಗಿ, ಚಿಲಕ ಹಾಕಿಕೊಂಡೆ. ಮಾಲೀಕರ ಹೆಂಡತಿ ಹೊರಗಿನಿಂದ ಗಾಬರಿಯಾಗಿ ಬಾಗಿಲು ಬಡಿದಾಗ, ‘ಏನಿಲ್ಲ ಆಂಟಿ, ಅಳತೆ ನೋಡ್ತಿದ್ದೀನಿ’ ಎಂದೆ.