ಹಸಿಶುಂಠಿ, ಹಿಂಗ್ವಾಷ್ಟಕ, ಮಜ್ಜಿಗೆ: ಹೊಟ್ಟೆ ಉಬ್ಬರಕ್ಕೆ ಯಾವುದು, ಯಾವಾಗ?

ಹೊಟ್ಟೆ ಉಬ್ಬರಕ್ಕೆ ಮದ್ದು ಕೇಳುವವರನ್ನು ಮೊದಲು ಕೇಳಬೇಕಾದ್ದು, ತೊಂದರೆ ಬರುವುದು ಯಾವ ಹೊತ್ತಿಗೆ ಎಂದು. ಊಟದ ಹೊತ್ತಾದರೂ ಹಸಿವೇ ಆಗದವರು, ಅವರೆಕಾಳಿನ ಹುಳಿ ಉಂಡ ಒಂದೆರಡು ಗಂಟೆಗೆ ಹೊಟ್ಟೆ ಗುಡುಗುಟ್ಟುವವರು, ಉಂಡ ಕೂಡಲೇ ಹೊಟ್ಟೆಯಲ್ಲಿ ಕಲ್ಲಿಟ್ಟಂತಾಗುವವರು, ಎಲ್ಲರೂ ಹೇಳುವುದು ‘ಗ್ಯಾಸ್’ ಅಂತಲೇ. ಆಯುರ್ವೇದ ಮೂರಕ್ಕೂ ಅಗ್ನಿಮಾಂದ್ಯವನ್ನೇ, ಅಂದರೆ ಜೀರ್ಣಶಕ್ತಿ ಕುಂದುವುದನ್ನೇ, ಕಾರಣವೆನ್ನುತ್ತದೆ. ಆದರೆ ಮದ್ದು ಬೇರೆ, ಅದನ್ನು ತೆಗೆದುಕೊಳ್ಳುವ ಹೊತ್ತೂ ಬೇರೆ. ಮಧ್ಯಾಹ್ನದ ಊಟವನ್ನು ಹೆಚ್ಚು ಬದಲಿಸದೆ, ಒಂದೊಂದನ್ನೂ ಎರಡೆರಡು ವಾರ ಬಳಸಿ ನೋಡಿದಾಗ ಕಂಡದ್ದು ಇಲ್ಲಿದೆ.

ಹಸಿಶುಂಠಿ ಹಸಿವು ಕೆರಳಿಸಲು. ಸಿಪ್ಪೆ ಕೆರೆದ ಎಳೆಶುಂಠಿಯ ಎರಡು ತೆಳುಬಿಲ್ಲೆ, ಸುಮಾರು 3 ಗ್ರಾಂ, ಮೇಲೆ ಚಿಟಿಕೆ ಸೈಂಧವ ಲವಣ. ಊಟಕ್ಕೆ ಹತ್ತು ನಿಮಿಷ ಮೊದಲು ಚೆನ್ನಾಗಿ ಅಗಿದು ನುಂಗಬೇಕು. ಬಾಯಲ್ಲಿ ನೀರೂರುವುದು ಆಗಲೇ ತಿಳಿಯುತ್ತದೆ. ಮಲಬದ್ಧತೆ ಇದ್ದವರು ಇದರ ಬದಲು ಒಣಶುಂಠಿ ಬಳಸಬಾರದು: ಹಸಿಶುಂಠಿ ಮಲ ಸಡಿಲಿಸುತ್ತದೆ, ಒಣಶುಂಠಿ ಹಿಡಿಯುತ್ತದೆ. ಎದೆಯುರಿ, ಹುಳಿತೇಗು ಇದ್ದರೆ ಎರಡೂ ಬೇಡ. ಬೇಸಿಗೆಯಲ್ಲಿ, ಮಳೆ ಮುಗಿದ ಶರದೃತುವಿನ ಬಿಸಿಲಲ್ಲಿ ಹಸಿಶುಂಠಿ ಕಡಿಮೆ ಮಾಡುವುದು ಹಳೆಯ ಕ್ರಮ.

ಹಿಂಗ್ವಾಷ್ಟಕ ಎಂಬ ಚೂರ್ಣದಲ್ಲಿ ಎಂಟು ಪದಾರ್ಥ: ಒಣಶುಂಠಿ, ಕಾಳುಮೆಣಸು, ಹಿಪ್ಪಲಿ, ಅಜಮೋದ, ಸೈಂಧವ, ಜೀರಿಗೆ, ಶಾಹಿಜೀರಿಗೆ, ಹಿಂಗು. ಗ್ರಂಥಿಗೆ ಅಂಗಡಿಯಲ್ಲಿ ಎಲ್ಲವೂ ಸಿಗುತ್ತವೆ, ಎಡವುವುದೂ ಅಲ್ಲೇ. ಕಪ್ಪುಜೀರಿಗೆ ಎಂದು ಕೇಳಿದರೆ ಈರುಳ್ಳಿ ಬೀಜದ ಹಾಗಿರುವ ಕಲೋಂಜಿಯನ್ನು ಕೊಡುವುದುಂಟು. ಬೇಕಾದ್ದು ಸಾಮಾನ್ಯ ಜೀರಿಗೆಗಿಂತ ಸಣ್ಣಗೆ, ಬಾಗಿಕೊಂಡಿರುವ ಶಾಹಿಜೀರಿಗೆ. ಮೊದಲ ಏಳು ತಲಾ 10 ಗ್ರಾಂ. ಹಿಂಗಿನ ಪ್ರಮಾಣದಲ್ಲಿ ವೈದ್ಯರಲ್ಲೇ ಎರಡು ಮಾತಿದೆ, ಸಮಭಾಗ ಎನ್ನುವವರು ಕೆಲವರು, ಒಂದು ಭಾಗದ ಎಂಟನೇ ಒಂದು ಎನ್ನುವವರು ಕೆಲವರು. ಮನೆಬಳಕೆಗೆ 5 ಗ್ರಾಂ ಸಾಕು. ಸಮಭಾಗ ಹಾಕಿದಾಗ ತೇಗಿನಲ್ಲಿ ಸಂಜೆಯವರೆಗೂ ಹಿಂಗೇ.

ಡಬ್ಬಿಯ ಪುಡಿ ಹಿಂಗು ಇದಕ್ಕೆ ಆಗದು, ಅದರಲ್ಲಿ ಬಹುಪಾಲು ಮೈದಾ ಅಥವಾ ಅಕ್ಕಿಹಿಟ್ಟು, ಗೋಂದು. ಗಟ್ಟಿ ಹಿಂಗನ್ನು ಕಡಲೆಕಾಳಿನಷ್ಟು ಚೂರು ಮಾಡಿ, ಒಂದು ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಚೂರು ಉಬ್ಬಿ, ಹಗುರಾಗಿ, ಬೆರಳಲ್ಲಿ ಒತ್ತಿದರೆ ಪಟಕ್ಕನೆ ಒಡೆಯಬೇಕು. ಒಳಗೆ ಅಂಟು ಉಳಿದರೆ ಇಡೀ ಪುಡಿ ಗಂಟುಕಟ್ಟುತ್ತದೆ, ಕಪ್ಪಾದರೆ ಕಹಿ. ಸೈಂಧವವನ್ನೂ ಬಾಣಲೆಯಲ್ಲಿ ಬಿಸಿಮಾಡಿ ತೇವ ಆರಿಸಿ. ಎಲ್ಲವನ್ನೂ ಪುಡಿಮಾಡಿ ಬೆರೆಸಿ, ಗಾಜಿನ ಬಾಟಲಿಯಲ್ಲಿಟ್ಟು ಎರಡು ತಿಂಗಳಲ್ಲಿ ಮುಗಿಸಬೇಕು.

ಅರ್ಧ ಚಮಚ ಪುಡಿ, ಒಂದು ಚಮಚ ತುಪ್ಪ, ಬಿಸಿ ಅನ್ನದ ಮೊದಲ ತುತ್ತು: ಇದೇ ಸರಿಯಾದ ಕ್ರಮ. ಊಟವಾದ ಮೇಲೆ ಬಿಸಿನೀರಿನಲ್ಲಿ ಕದಡಿ ಕುಡಿದಾಗ ಗಂಟಲು ಉರಿದದ್ದೇ ಬಂತು, ಉಬ್ಬರ ಅಷ್ಟಾಗಿ ಇಳಿಯಲಿಲ್ಲ. ಬೇಳೆಕಾಳಿನ ದಿನಗಳಿಗೆ ಇದರ ಸಮ ಇನ್ನೊಂದಿಲ್ಲ. ದಿನನಿತ್ಯದ ಅಭ್ಯಾಸ ಮಾತ್ರ ಮಾಡಿಕೊಳ್ಳಬೇಡಿ, ಪಿತ್ತ ಕೆರಳುತ್ತದೆ. ಗರ್ಭಿಣಿಯರು, ಹೊಟ್ಟೆಹುಣ್ಣಿನವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮುಟ್ಟಬಾರದು. ಬಿಪಿ ಇದ್ದವರು ಉಪ್ಪಿನ ಲೆಕ್ಕ ಮರೆಯಬಾರದು.

ಮಜ್ಜಿಗೆ ಇವೆರಡಕ್ಕಿಂತ ನಿಧಾನ, ಆದರೆ ತಿಂಗಳುಗಟ್ಟಲೆ ಜೊತೆಗಿರಬಲ್ಲದು ಇದೊಂದೇ. ಗ್ರಹಣಿ (ಅಗ್ನಿ ಕೆಟ್ಟು ಮಲ ಆಗಾಗ ಸಡಿಲಾಗುವ ಕರುಳಿನ ಕಾಯಿಲೆ), ಮೂಲವ್ಯಾಧಿಗಳಲ್ಲಿ ಆಯುರ್ವೇದ ಇದನ್ನು ಇಷ್ಟು ಎತ್ತಿಹಿಡಿದದ್ದು ಸುಮ್ಮನೆ ಅಲ್ಲ. ಫ್ರಿಜ್ಜಿನ ಮೊಸರಿಗೆ ನೀರು ಬೆರೆಸಿದರೆ ಅದು ನೀರುಮೊಸರು ಅಷ್ಟೇ. ರಾತ್ರಿ ಹೆಪ್ಪು ಹಾಕಿದ ಮೊಸರಿನ ನಾಲ್ಕು ಪಾಲಿಗೆ ಒಂದು ಪಾಲು ನೀರು ಸೇರಿಸಿ ಕಡೆದು, ಬೆಣ್ಣೆ ತೆಗೆದು, ಹುರಿದ ಜೀರಿಗೆಪುಡಿ, ಸೈಂಧವ ಹಾಕಿ ಒಂದು ಲೋಟ, ಊಟದ ಕೊನೆಗೆ. ಬೆಣ್ಣೆ ಉಳಿದರೆ ಭಾರವೂ ಉಳಿಯುತ್ತದೆ. ಬಿಸಿ ಮಾಡಿದರೆ ಒಡೆಯುತ್ತದೆ. ಹಾಲು ಒಗ್ಗದವರಲ್ಲಿ ಕೆಲವರಿಗೆ ಮಜ್ಜಿಗೆಯೂ ಉಬ್ಬರ ತರುತ್ತದೆ, ಏಕೆಂದರೆ ಹುಳಿಯಾದರೂ ಲ್ಯಾಕ್ಟೋಸ್ ಪೂರ್ತಿ ಹೋಗಿರುವುದಿಲ್ಲ. ಅಂಥವರು ಕಾಲು ಲೋಟದಿಂದ ಶುರುಮಾಡಲಿ. ಮಲೆನಾಡಿನ ದೊಡ್ಡಪತ್ರೆ ತಂಬುಳಿ ಇದೇ ಕೆಲಸವನ್ನು ಇನ್ನಷ್ಟು ರುಚಿಯಾಗಿ ಮಾಡುತ್ತದೆ.

ಒಂದನ್ನೇ ಆರಿಸಿ ಎಂದರೆ ನಮ್ಮ ಮತ ಮಜ್ಜಿಗೆಗೆ. ಅವರೆ, ಕಡಲೆ, ಆಲೂಗಡ್ಡೆ ಇದ್ದ ದಿನ ಮಾತ್ರ ಹಿಂಗ್ವಾಷ್ಟಕ. ಮಲದಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ನೋವು ಇದ್ದರೆ ಈ ಮೂರನ್ನೂ ಪಕ್ಕಕ್ಕಿಟ್ಟು ಮೊದಲು ವೈದ್ಯರಿಗೆ ತೋರಿಸಿ.