ಐಎಂಎಸ್ ಬೇರಿಂಗ್ ಬದಲಿಸುವಾಗ: ಸೆರಾಮಿಕ್ಕೋ, ಪ್ಲೇನೋ?

ಪೋರ್ಷೆ 996 ಮತ್ತು 986 ಬಾಕ್ಸ್‌ಸ್ಟರ್‌ಗಳ ಎಂ96 ಎಂಜಿನ್ನಿನಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟಿನ (ಐಎಂಎಸ್: ಕ್ರ್ಯಾಂಕಿನ ಚಲನೆಯನ್ನು ಚೈನ್ ಮೂಲಕ ಕ್ಯಾಮ್‌ಗಳಿಗೆ ಒಯ್ಯುವ ನಡುವಿನ ಶಾಫ್ಟ್) ಫ್ಲೈವೀಲ್ ಕಡೆಯ ತುದಿಯಲ್ಲಿರುವುದು ಸೀಲ್ ಮಾಡಿದ ಬಾಲ್ ಬೇರಿಂಗ್. ಸೀಲ್ ಸೋತರೆ ಗ್ರೀಸ್ ತೊಳೆದುಹೋಗುತ್ತದೆ, ಒಳನುಗ್ಗಿದ ಆಯಿಲ್ ಅಲ್ಲೇ ನಿಂತು ಕೆಡುತ್ತದೆ. ಬೇರಿಂಗ್ ಒಡೆದರೆ ಟೈಮಿಂಗ್ (ಕ್ರ್ಯಾಂಕ್ ಮತ್ತು ಕ್ಯಾಮ್‌ಗಳ ಹೊಂದಾಣಿಕೆ) ತಪ್ಪಿ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯುತ್ತವೆ.

ಸೆರಾಮಿಕ್ ಹೈಬ್ರಿಡ್‌ನಲ್ಲಿ ಸಿಲಿಕಾನ್ ನೈಟ್ರೈಡ್ ಗುಂಡುಗಳು, ಅವು ಉರುಳುವ ಉಂಗುರ (ರೇಸ್) ಉಕ್ಕಿನದು. ಎರಚುವ ಎಂಜಿನ್ ಆಯಿಲೇ ಇದಕ್ಕೆ ಸಾಕು. ಖರ್ಚು ಕಡಿಮೆ. ಆದರೆ ಇದೂ ಸವೆಯುವ ವಸ್ತು, ಅವಧಿ ಮುಗಿದಾಗ ಮತ್ತೆ ಬದಲಿಸಬೇಕು.

ಪ್ಲೇನ್ ಬೇರಿಂಗ್‌ನಲ್ಲಿ ಗುಂಡುಗಳೇ ಇಲ್ಲ. ಫಿಲ್ಟರ್ ಅಡಾಪ್ಟರ್‌ನಿಂದ ಬರುವ ಪ್ರತ್ಯೇಕ ಲೈನ್ ಒತ್ತಡದ ಆಯಿಲ್ ಕೊಡುತ್ತದೆ. ದುಬಾರಿ, ಕೊಳಕು ಆಯಿಲ್ ಸಹಿಸದು. ಕಾರನ್ನು ಬಹುಕಾಲ ಇಟ್ಟುಕೊಳ್ಳುವವರಿಗೆ ಇದೇ ಸರಿ. ಬೇರಿಂಗ್ ಬದಲಿಸಲೂ ಗೇರ್‌ಬಾಕ್ಸ್ ಇಳಿಸಲೇಬೇಕು; ಹೇಗೂ ಕ್ಲಚ್‌ಗಾಗಿ ಆಗಾಗ ಗೇರ್‌ಬಾಕ್ಸ್ ಇಳಿಸುವವರಿಗೆ ಸೆರಾಮಿಕ್ ಸಾಕು.

ಯಾವುದಾದರೂ ಸರಿ, ಮೊದಲು ಆಯಿಲ್ ಫಿಲ್ಟರ್ ಬಿಡಿಸಿ ನೋಡಿ. ಮಡಿಕೆಗಳಲ್ಲಿ ಅಯಸ್ಕಾಂತಕ್ಕೆ ಅಂಟುವ ಉಕ್ಕಿನ ಚೂರು ಕಂಡರೆ ಎರಡೂ ವ್ಯರ್ಥ, ಎಂಜಿನ್ ಬಿಚ್ಚಲೇಬೇಕು. ಬೇರಿಂಗಿನ ಮುಚ್ಚಳವಾದ ಫ್ಲ್ಯಾಂಜ್ ತೆಗೆಯುವ ಮುನ್ನ ಕ್ರ್ಯಾಂಕನ್ನು ಟಿಡಿಸಿಯಲ್ಲಿ (ಪಿಸ್ಟನ್ ತುತ್ತತುದಿಯಲ್ಲಿರುವ ಸ್ಥಾನ) ಪಿನ್ ಹಾಕಿ, ಕ್ಯಾಮ್‌ಗಳನ್ನೂ ಲಾಕ್ ಮಾಡಿ, ಚೈನ್ ಟೆನ್ಷನರ್‌ಗಳನ್ನು ಸಡಿಲಿಸಬೇಕು. ಮರೆತರೆ ಶಾಫ್ಟ್ ಪಕ್ಕಕ್ಕೆ ಎಳೆದುಕೊಂಡು ಟೈಮಿಂಗ್ ಕೆಡುತ್ತದೆ. ಕ್ರ್ಯಾಂಕಿನ ಹಿಂತುದಿಯ ಆಯಿಲ್ ಸೀಲ್ (ರಿಯರ್ ಮೇನ್ ಸೀಲ್) ಆಗಲೇ ಬದಲಿಸಿ.

ನಂತರ ಬಂದ 997 ಮತ್ತು 987 ಕಾರುಗಳಲ್ಲಿ 2006–08ರ ದೊಡ್ಡ ಬೇರಿಂಗ್ ಮಾತ್ರ ಎಂಜಿನ್ ಕೇಸ್ ಬೇರ್ಪಡಿಸದೆ ಹೊರಬರುವುದಿಲ್ಲ. ಅಲ್ಲಿ ಎಂಜಿನ್ ಆಯಿಲ್ ಬೇರಿಂಗಿಗೆ ತಲುಪಲೆಂದು ಹೊರಗಿನ ಸೀಲ್ ತೆಗೆದು ಬಿಡುವುದೇ ರೂಢಿ.